ಸ್ವೆಟರಿನಿಂದ ತಗಡಿನ ಸೂರಿಗೆ: ಮಕ್ಕಳಿಗೆ ಶಾಖದ ಪಾಠ ನಡೆದು ಬಂದ ದಾರಿ

ಸೂರತ್‌ನ ಕತಾರ್‌ಗಾಮ್‌ನಲ್ಲಿ ವಜ್ರದ ವ್ಯಾಪಾರ ಮಾಡುವವರ ಮೇಜಿನ ಮೇಲೆ ದಪ್ಪ ಪೆನ್ನಿನಂಥ ಒಂದು ಉಪಕರಣ ಕಾಣಸಿಗುತ್ತದೆ. ಅದರ ಲೋಹದ ಮೊನೆಯನ್ನು ಬ್ಯಾಟರಿ ಬೆಚ್ಚಗಿಟ್ಟಿರುತ್ತದೆ. ಹರಳಿಗೆ ಒತ್ತಿದಾಗ ಮೊನೆ ಎಷ್ಟು ಬೇಗ ತಣಿಯಿತು ಎಂಬುದನ್ನು ನೋಡಿ ಅದು ವಜ್ರವೋ ಅಲ್ಲವೋ ಎಂದು ದೀಪ ಹತ್ತಿಸಿ ತಿಳಿಸುತ್ತದೆ. ವಜ್ರ ತಾಮ್ರಕ್ಕಿಂತ ಸುಮಾರು ಐದು ಪಟ್ಟು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ. ಅಮೆರಿಕನ್ ಡೈಮಂಡ್ ಎಂದು ನಾವು ಕೊಳ್ಳುವ ಜಿರ್ಕೋನಿಯಾದಲ್ಲಿ ಶಾಖ ತೆವಳುತ್ತದೆ. ಮೊಯ್ಸನೈಟ್ ಎಂಬ ಇನ್ನೊಂದು ಹರಳು ಮಾತ್ರ ಈ ಪರೀಕ್ಷೆಯಲ್ಲಿ ಮೋಸ ಮಾಡಿ ಪಾಸಾಗಿಬಿಡುತ್ತದೆ. ಹಾಗಾಗಿ ಈಗ ವಿದ್ಯುತ್ ಪರೀಕ್ಷೆಯನ್ನೂ ಜೊತೆಗೆ ಮಾಡುತ್ತಾರೆ. ವಜ್ರ ಉಜ್ಜುವವರನ್ನು ಸೂರತ್‌ನಲ್ಲಿ ರತ್ನಕಲಾಕಾರ್ ಎನ್ನುತ್ತಾರೆ. ಅವರ ಮಕ್ಕಳು ಏಳನೇ ತರಗತಿಯಲ್ಲಿ ಶಾಖದ ಪಾಠ ತೆರೆದರೆ ಮೊದಲು ಸಿಗುತ್ತಿದ್ದದ್ದು ಚಳಿಗಾಲ ಮತ್ತು ಉಣ್ಣೆಯ ಬಟ್ಟೆ.

2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ನಂತರ ಬಂದ ಎನ್‌ಸಿಇಆರ್‌ಟಿಯ ವಿಜ್ಞಾನ ಪುಸ್ತಕದ ಮಾತು ಇದು. ಅದನ್ನು ಹಲವು ರಾಜ್ಯಗಳು ತಂತಮ್ಮ ಭಾಷೆಗೆ ತಂದುಕೊಂಡವು. ನಮ್ಮ ಕನ್ನಡ ಶಾಲೆಗಳ ಮಕ್ಕಳೂ ಅದನ್ನೇ ಓದಿದರು. ಕೆಟ್ಟ ಪುಸ್ತಕವೇನಲ್ಲ. ಮೂರು ಬೋಗುಣಿಗಳ ನೀರಿನಲ್ಲಿ ಕೈ ಅದ್ದಿ ನೋಡುವುದು, ಲೋಹದ ಪಟ್ಟಿಗೆ ಮೇಣದ ಉಂಡೆ ಅಂಟಿಸಿ ಒಂದು ತುದಿಯಿಂದ ಕಾಯಿಸುವುದು, ಒಂದು ದಪ್ಪ ಕಂಬಳಿ ಬೆಚ್ಚಗೋ ಎರಡು ತೆಳು ಕಂಬಳಿಗಳೋ ಎಂಬ ಪ್ರಶ್ನೆ, ಎಲ್ಲವೂ ಅದರಲ್ಲಿವೆ. ಬಿಸಿಲ ನಾಡಿನ ಮನೆಗೆ ಹೊರಗೋಡೆಗೆ ಸುಣ್ಣ ಏಕೆ ಎಂಬ ಪ್ರಶ್ನೆಯೂ ಇದೆ, ಆದರೆ ಅದು ಅಭ್ಯಾಸದ ಭಾಗದಲ್ಲಿ ಬರುತ್ತದೆ. ಸೂರತ್‌ನಲ್ಲಿ ಸ್ವೆಟರ್ ಪೆಟ್ಟಿಗೆಯಿಂದ ಹೊರಬರುವುದು ವರ್ಷಕ್ಕೆ ಕೆಲವೇ ವಾರ. ಶಾಖವನ್ನು ಒಳಗೆ ಹಿಡಿದಿಡುವ ಪಾಠ ಮುನ್ನೆಲೆಯಲ್ಲಿದ್ದು, ಹೊರಗೆ ತಡೆಯುವ ಪಾಠ ಹಿಂದೆ ಉಳಿದದ್ದು ಹೇಗೆ ಎಂದು ತಿಳಿಯಬೇಕಾದರೆ ಈ ಬೋಧನೆಯ ಚರಿತ್ರೆಯನ್ನೇ ಸ್ವಲ್ಪ ಕೆದಕಬೇಕು.

ಮೂರು ಬೋಗುಣಿಯ ಆಟ ಹಳೆಯದು. ಒಂದೇ ನೀರು ಒಂದು ಕೈಗೆ ಬಿಸಿ, ಇನ್ನೊಂದಕ್ಕೆ ತಣ್ಣಗೆ ಎನಿಸಬಲ್ಲದೆಂದು ತತ್ವಜ್ಞಾನಿ ಜಾನ್ ಲಾಕ್ 17ನೇ ಶತಮಾನದ ಕೊನೆಯಲ್ಲೇ ಬರೆದಿದ್ದ. ತಾಪಮಾನ ಬೇರೆ, ಶಾಖದ ಪ್ರಮಾಣ ಬೇರೆ ಎಂಬುದು ಮಾತ್ರ ವಿದ್ವಾಂಸರಿಗೂ ಬೇಗ ಹೊಳೆದದ್ದಲ್ಲ. ಉಷ್ಣಮಾಪಕ ಬಳಕೆಗೆ ಬಂದು ನೂರು ವರ್ಷಕ್ಕೂ ಹೆಚ್ಚು ಕಾಲ ಕಳೆದ ಮೇಲೆ, 1760ರ ಸುಮಾರಿಗೆ, ಗ್ಲಾಸ್ಗೋದಲ್ಲಿ ಜೋಸೆಫ್ ಬ್ಲ್ಯಾಕ್ ಎರಡನ್ನೂ ಬೇರ್ಪಡಿಸಿದ. ಕರಗುತ್ತಿರುವ ಮಂಜುಗಡ್ಡೆ ಶಾಖ ಕುಡಿಯುತ್ತಲೇ ಇದ್ದರೂ ಅದರ ತಾಪಮಾನ ಏರುವುದಿಲ್ಲ ಎಂದು ತೋರಿಸಿದವನು ಅವನೇ. ಹನ್ನೆರಡರ ಹುಡುಗಿ ಇವೆರಡನ್ನೂ ಒಂದೇ ಅಂದುಕೊಂಡರೆ ಅವಳನ್ನು ದಡ್ಡಿ ಎನ್ನುವ ಮೊದಲು ಇದನ್ನು ನೆನೆಯುವುದು ಒಳ್ಳೆಯದು.

ಶಾಖವನ್ನು ತಡೆಯುವ ನಿರೋಧಕಗಳ ವಿಷಯದಲ್ಲಿ ವ್ಯಾಪಾರಿಗಳು ಪ್ರೊಫೆಸರ್‌ಗಳಿಗಿಂತ ಮುಂದಿದ್ದರು. 1833ರ ಮೇ ತಿಂಗಳಲ್ಲಿ ಬಾಸ್ಟನ್‌ನಿಂದ ಟಸ್ಕನಿ ಎಂಬ ಹಡಗು ಮಂಜುಗಡ್ಡೆಯ ವ್ಯಾಪಾರಿ ಫ್ರೆಡರಿಕ್ ಟ್ಯೂಡರ್‌ನ ಸುಮಾರು 180 ಟನ್ ಮಂಜುಗಡ್ಡೆ ಹೊತ್ತು ಹೊರಟಿತು. ನಾಲ್ಕು ತಿಂಗಳು ಬಿಟ್ಟು, ಉಷ್ಣವಲಯವನ್ನು ದಾಟಿ, ಕಲ್ಕತ್ತಾ ತಲುಪಿದಾಗ ನೂರು ಟನ್ನಿನಷ್ಟು ಉಳಿದಿತ್ತು. ಉಳಿಸಿದ್ದು ಮರದ ಹೊಟ್ಟಿನಂಥ ಪುಕ್ಕಟೆ ಸರಕು ಮತ್ತು ಅದರೊಳಗೆ ಸಿಕ್ಕಿಕೊಂಡ ಅಲುಗಾಡದ ಗಾಳಿ. ಮದರಾಸು, ಮುಂಬಯಿಗಳಲ್ಲೂ ಐಸ್ ಹೌಸ್‌ಗಳು ಎದ್ದವು. ಇವತ್ತಿಗೂ ಬರ್ಫದ ಗೋಲಾ ಮಾರುವವನು ಗಡ್ಡೆಯ ಮೇಲೆ ಗೋಣಿತಾಟು ಹೊದಿಸುವುದು ಅದೇ ವಿದ್ಯೆಯಿಂದ. ನಮ್ಮ ಮಗು ಮೊದಲು ನೋಡುವ ನಿರೋಧಕ ಸ್ವೆಟರಲ್ಲ, ಈ ಗೋಣಿ.

ಶಾಲೆಗೆ ಶಾಖ ಸ್ಪರ್ಶದ ಮೂಲಕ ಬಂದದ್ದು ಮರಿಯಾ ಮಾಂಟೆಸ್ಸೊರಿಯಿಂದ. 1907ರಲ್ಲಿ ರೋಮ್‌ನಲ್ಲಿ ಆರಂಭವಾದ ಅವರ ಪದ್ಧತಿಯ ಸಾಮಗ್ರಿಯಲ್ಲಿ ಮರ, ಫೆಲ್ಟ್ ಬಟ್ಟೆ, ಗಾಜು, ಅಮೃತಶಿಲೆ, ಉಕ್ಕುಗಳ ಬಿಲ್ಲೆಗಳು ಜೋಡಿ ಜೋಡಿಯಾಗಿ ಇರುತ್ತವೆ. ಮಗು ಕಣ್ಣು ಮುಚ್ಚಿ ಮುಟ್ಟಿ ಜೋಡಿ ಹೊಂದಿಸಬೇಕು. ಗುಜರಾತಿನ ಭಾವನಗರದಲ್ಲಿ 1920ರಲ್ಲಿ ಗಿಜುಭಾಯಿ ಬಧೇಕಾ ಬಾಲಮಂದಿರ ತೆರೆದದ್ದು ಈ ವಿಚಾರಗಳಿಂದ ಪ್ರೇರಿತರಾಗಿಯೇ. ಬಿಲ್ಲೆಗಳ ಆಟದಲ್ಲಿ ಸೊಗಸಾದ ಒಂದು ಸಿಕ್ಕು ಇದೆ: ಒಂದೇ ಕೋಣೆಯಲ್ಲಿ ಇಟ್ಟ ಆ ಬಿಲ್ಲೆಗಳೆಲ್ಲ ಒಂದೇ ತಾಪಮಾನದಲ್ಲಿವೆ. ಅಮೃತಶಿಲೆ ತಣ್ಣಗೆ ಅನಿಸುವುದು ಅದು ಬೆರಳಿನ ಶಾಖವನ್ನು ಬೇಗ ಎಳೆಯುವುದರಿಂದ. ಐದು ವರ್ಷದ ಮಗುವಿಗೆ ಇದು ಬೇಡ, ನಿಜ. ಹನ್ನೊಂದಕ್ಕೆ ಬಂದಾಗಲಾದರೂ ಯಾರಾದರೂ ಈ ಸಿಕ್ಕನ್ನು ಬಿಡಿಸಬೇಕಲ್ಲ! ಕಲಬುರಗಿಯ ಕಡೆ ಮಧ್ಯಾಹ್ನ ಶಹಾಬಾದ್ ಕಲ್ಲಿನ ನೆಲಕ್ಕೆ ಬೆನ್ನು ಹಚ್ಚಿ ಮಲಗುವ ಹುಡುಗ 'ಕಲ್ಲು ತಂಪು' ಎಂದೇ ನಂಬಿ ದೊಡ್ಡವನಾಗುತ್ತಾನೆ.

ಸ್ವಾತಂತ್ರ್ಯಾನಂತರದ ಕೆಲವು ದಶಕಗಳಲ್ಲಿ ಪಾಠ ಎಂದರೆ ವ್ಯಾಖ್ಯೆ. ವಹನ, ಸಂವಹನ, ವಿಕಿರಣ ಬಾಯಿಪಾಠ ಮಾಡಿದರೆ ಮುಗಿಯಿತು. ಇದಕ್ಕೆ ಎದುರಾಗಿ ಅಹಮದಾಬಾದಿನಲ್ಲಿ ವಿಕ್ರಮ್ ಸಾರಾಭಾಯಿ ಸಮುದಾಯ ವಿಜ್ಞಾನ ಕೇಂದ್ರ ಕಟ್ಟಲು ಹೊರಟರು. 1968ರ ಡಿಸೆಂಬರ್ 22ರಂದು ಅದರ ಶಂಕುಸ್ಥಾಪನೆಗೆ ಬೆಂಗಳೂರಿನಿಂದ ಬಂದ ಸಿ.ವಿ. ರಾಮನ್ ಆಕಾಶ ನೀಲಿ ಏಕೆ ಎಂಬ ಪ್ರಶ್ನೆಯನ್ನೇ ಉಪನ್ಯಾಸದ ವಿಷಯ ಮಾಡಿಕೊಂಡರು. 1972ರಲ್ಲಿ ಮಧ್ಯಪ್ರದೇಶದ 16 ಶಾಲೆಗಳಲ್ಲಿ ಹೋಶಂಗಾಬಾದ್ ವಿಜ್ಞಾನ ಕಾರ್ಯಕ್ರಮ ಶುರುವಾಯಿತು. ಹಳ್ಳಿಯ ಮಕ್ಕಳು ಕೈಯಾರೆ ಪ್ರಯೋಗ ಮಾಡಿ ಅಂಕಿ ಬರೆದು ತಾವೇ ತೀರ್ಮಾನಕ್ಕೆ ಬರಬೇಕೆಂಬುದು ಅದರ ಹಟ. 2002ರಲ್ಲಿ ಸರ್ಕಾರ ಅದನ್ನು ನಿಲ್ಲಿಸಿತು. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು 'ಬಾಲವಿಜ್ಞಾನ'ದ ಮೂಲಕ ಕನ್ನಡ ಮಕ್ಕಳಿಗೆ ಹತ್ತಿರದ ಕೆಲಸ ಮಾಡಿತು. ಕೈಗೆ ಕೆಲಸ ಸಿಕ್ಕಿತು, ಸರಿ. ಆದರೆ ಪ್ರಯೋಗಕ್ಕೆ ಮುಂಚೆ ಮಗುವಿನ ತಲೆಯಲ್ಲಿ ಏನಿದೆ ಎಂದು ಇನ್ನೂ ಹೆಚ್ಚು ಜನ ವ್ಯವಸ್ಥಿತವಾಗಿ ಕೇಳಿರಲಿಲ್ಲ.

ಕೇಳಿದವರು ಎಪ್ಪತ್ತರ ದಶಕದ ಸಂಶೋಧಕರು. ಕೆನಡಾದ ಗಾಲೆನ್ ಎರಿಕ್ಸನ್ 1979ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಕ್ಕಳು ಶಾಖವನ್ನು ಹೊಗೆಯಂತೆ ಹರಿದಾಡುವ ವಸ್ತು ಎಂದು ಬಗೆದಿದ್ದರು. ಥಂಡಿಯೂ ಅವರಿಗೆ ಇನ್ನೊಂದು ವಸ್ತು. ಇಸ್ರೇಲಿನಲ್ಲಿ ರುತ್ ಸ್ಟಾವಿ ಮತ್ತು ಸಂಗಡಿಗರಿಗೆ ಕಂಡದ್ದು ಇನ್ನೂ ಮಜವಾಗಿದೆ. ತಣ್ಣೀರಿಗೆ ಅಷ್ಟೇ ತಣ್ಣಗಿನ ನೀರು ಸೇರಿಸಿದರೆ ತಣ್ಣಗೇ ಇರುತ್ತದೆ ಎಂದು ಸರಿಯಾಗಿ ಹೇಳುವ ಮಗು, ಎರಡೂ ಲೋಟಕ್ಕೆ ಡಿಗ್ರಿಯಲ್ಲಿ ಅಂಕಿ ಕೊಟ್ಟ ತಕ್ಷಣ ಎರಡನ್ನೂ ಕೂಡಿಸಿಬಿಡುತ್ತಿತ್ತು. ಅಂಕಿ ಬಂದೊಡನೆ ಮಗು ಅನುಭವವನ್ನು ಬಿಟ್ಟು ಗಣಿತದ ಪೀರಿಯಡ್ಡಿಗೆ ಓಡುತ್ತದೆ. 1985ರಲ್ಲಿ ರೊಸಾಲಿಂಡ್ ಡ್ರೈವರ್ ಮತ್ತು ಸಹೋದ್ಯೋಗಿಗಳು ಸಂಪಾದಿಸಿದ ಮಕ್ಕಳ ವಿಜ್ಞಾನ ಕಲ್ಪನೆಗಳ ಪುಸ್ತಕದಲ್ಲಿ ಶಾಖಕ್ಕೆ ತನ್ನದೇ ಅಧ್ಯಾಯ ಸಿಕ್ಕಿತು.

ಈ ಸಾಲಿನಲ್ಲಿ ನನಗೆ ಹೆಚ್ಚು ಇಷ್ಟವಾದದ್ದು 1990ರಲ್ಲಿ ವಾಟ್ಸನ್ ಮತ್ತು ಕೊನಿಚೆಕ್ ಬರೆದ ಒಂದು ತರಗತಿಯ ಕಥೆ. ಅಮೆರಿಕದ ಮ್ಯಾಸಚೂಸೆಟ್ಸ್‌ನ ನಾಲ್ಕನೇ ತರಗತಿ. ಸ್ವೆಟರಿಗೆ ತನ್ನದೇ ಬಿಸಿ ಇದೆಯೆಂದು ಮಕ್ಕಳು ಗಟ್ಟಿಯಾಗಿ ನಂಬಿದ್ದರು. ಶಿಕ್ಷಕಿ ತಿದ್ದಲು ಹೋಗಲಿಲ್ಲ. ಸ್ವೆಟರ್, ಟೋಪಿ, ನೆಲಹಾಸುಗಳ ಒಳಗೆ ಉಷ್ಣಮಾಪಕ ಸುತ್ತಿಡಿ ಎಂದರು. ಕಾಲು ಗಂಟೆ ಬಿಟ್ಟು ನೋಡಿದರೆ ಏರಿಕೆ ಇಲ್ಲ. ಹೊತ್ತು ಸಾಲದು ಎಂದರು ಮಕ್ಕಳು. ರಾತ್ರಿಯಿಡೀ ಇಟ್ಟರೂ ಏರಲಿಲ್ಲ. ತಣ್ಣನೆ ಗಾಳಿ ನುಸುಳಿರಬೇಕು ಎಂದು ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿದರು. ದಿನಗಟ್ಟಲೆ ನಡೆದ ಜಗಳದ ನಂತರವೂ ಎಲ್ಲರೂ ಒಪ್ಪಲಿಲ್ಲ. ಒಂಬತ್ತು ಚಳಿಗಾಲ ಕಂಡ ಮೈಗೆ ಒಂದು ಪ್ರಯೋಗ ಸಾಕಾದೀತೇ? ಬಳ್ಳಾರಿಯ ಕುರಿಗಾಹಿಯ ಮಗನಿಗೆ ಈ ತೊಡಕು ಇಷ್ಟು ಕಾಡಲಾರದು ಎಂಬುದು ನನ್ನ ಊಹೆ. ಅವನ ಅಪ್ಪ ಕಂಬಳಿಯನ್ನು ಚಳಿಗೂ ಹೊದೆಯುತ್ತಾನೆ, ಸುಡುಬಿಸಿಲಿಗೂ ತಲೆಯ ಮೇಲೆ ಹಾಕಿಕೊಳ್ಳುತ್ತಾನೆ.

ತಪ್ಪು ಮಕ್ಕಳದ್ದಷ್ಟೇ ಎಂದುಕೊಳ್ಳುವ ಹಾಗೂ ಇಲ್ಲ. ತಂಪು ಪಾನೀಯವನ್ನು ತಣ್ಣಗಿಡಲು ಅಲ್ಯೂಮಿನಿಯಂ ಹಾಳೆ ಸುತ್ತಬೇಕೋ ಉಣ್ಣೆಯೋ ಎಂದು ಲೂಯಿಸ್ ಮತ್ತು ಮಾರ್ಸಿಯಾ ಲಿನ್ ಕೇಳಿದಾಗ (1994) ದೊಡ್ಡವರೂ ಎಡವಿದರು, ಕೆಲವು ವಿಜ್ಞಾನಿಗಳೂ ತಡವರಿಸಿದರು. ಇಲ್ಲಿಂದಾಚೆಗೆ ವಿನ್ಯಾಸದ ಪಾಠಗಳು ಬಂದವು. ಕ್ರಿಸ್ಟೀನ್ ಶ್ನಿಟ್ಕಾ ಮತ್ತು ಸಂಗಡಿಗರು 2010ರಲ್ಲಿ ವಿವರಿಸಿದ ಪಾಠದಲ್ಲಿ ಪೆಂಗ್ವಿನ್ ಆಕಾರದ ಮಂಜುಗಡ್ಡೆಗೆ ಮಕ್ಕಳು ಅಳತೆಯ ಸಾಮಾನಿನಲ್ಲಿ ಮನೆ ಕಟ್ಟುತ್ತಾರೆ. ಅದನ್ನು ದೀಪದ ಝಳದ ಕೆಳಗಿಟ್ಟು, ಎಷ್ಟು ಉಳಿಯಿತೆಂದು ಕೊನೆಗೆ ತೂಗುತ್ತಾರೆ. ಶಾಖವನ್ನು ಹೊರಗೇ ತಡೆಯುವುದು ಇಲ್ಲಿ ಪಾಠದ ನಡುಮನೆಗೆ ಬಂತು. ಸೂರತ್‌ನಲ್ಲಾದರೆ ದೀಪದ ಖರ್ಚೂ ಇಲ್ಲ, ಕಿಟಕಿಯಾಚೆಗಿಟ್ಟರೆ ಸಾಕು.

ಗುಜರಾತಿನಲ್ಲಿ ಈ ವಿಷಯ ಜೀವನ್ಮರಣದ ಪ್ರಶ್ನೆಯಾದದ್ದು 2010ರ ಮೇ ತಿಂಗಳಲ್ಲಿ. ಅಹಮದಾಬಾದಿನ ಪಾದರಸ 46.8 ಡಿಗ್ರಿ ಮುಟ್ಟಿತು. ಆ ತಿಂಗಳು ವಾಡಿಕೆಗಿಂತ 1,344 ಸಾವು ಹೆಚ್ಚಾಗಿದ್ದವೆಂದು ಮುಂದೆ ಲೆಕ್ಕ ಹಾಕಿದರು. ನಗರದ ಒಂದು ಆಸ್ಪತ್ರೆಯಲ್ಲಿ ಹೆರಿಗೆ ವಾರ್ಡ್ ಮಾಳಿಗೆಯ ಕೆಳಗಿನ ಕೊನೆಯ ಮಹಡಿಯಲ್ಲಿತ್ತು. ಅದನ್ನು ಕೆಳಗಿನ ಅಂತಸ್ತಿಗೆ ಇಳಿಸಿದ ಮೇಲೆ ಬಿಸಿಲಿನಿಂದ ಬಳಲಿ ತೀವ್ರ ನಿಗಾ ಘಟಕಕ್ಕೆ ಬರುವ ಹಸುಗೂಸುಗಳು ಕಡಿಮೆಯಾದವು. ಮೇಲಿನ ಮಹಡಿಗಳೇ ಇಲ್ಲಿ ನಿರೋಧಕ. 2013ರಲ್ಲಿ ಮಹಾನಗರಪಾಲಿಕೆ ದಕ್ಷಿಣ ಏಷ್ಯಾದಲ್ಲೇ ಮೊದಲ ಬಿಸಿಲಿನ ಕ್ರಿಯಾಯೋಜನೆ ಹೊರಡಿಸಿತು. 45 ಡಿಗ್ರಿ ದಾಟಿದರೆ ಕೆಂಪು ಎಚ್ಚರಿಕೆ. ಪರೀಕ್ಷೆಯ ಉತ್ತರವಾಗಿದ್ದ ತಾಪಮಾನ ಈಗ ರಜೆ ಕೊಡುವ, ಶಾಲೆಯ ಹೊತ್ತು ಬದಲಿಸುವ ಅಂಕಿಯಾಯಿತು. 2017ರಲ್ಲಿ ಬಡವರ ಮನೆಗಳ ಸೂರಿಗೆ ಬಿಳಿ ಬಣ್ಣ ಬಳಿಯುವ ಅಭಿಯಾನ ಹೊರಟಿತು. ಮಹಿಳಾ ಹೌಸಿಂಗ್ ಟ್ರಸ್ಟ್‌ನಂಥ ಸಂಸ್ಥೆಗಳು ಅದನ್ನು ಓಣಿ ಓಣಿಗೆ ಒಯ್ದವು.

ಇಲ್ಲಿ ನನ್ನದೊಂದು ತಕರಾರು. ಬಿಳಿ ಬಣ್ಣ ನಿರೋಧಕವಲ್ಲ. ಅದು ಬಿಸಿಲನ್ನು ಹಿಂದಕ್ಕೆ ಎಸೆಯುತ್ತದೆ, ಅಷ್ಟೆ. ಉತ್ತರ ಕರ್ನಾಟಕದ ಮಣ್ಣಿನ ಮಾಳಿಗೆ ಬೇರೆ ಕೆಲಸ ಮಾಡುತ್ತದೆ: ದಪ್ಪ ಮಣ್ಣು ಹಗಲಿನ ಝಳವನ್ನು ಮೆಲ್ಲಗೆ ಹೀರಿ, ಒಳಗೆ ಬಿಡುವ ಹೊತ್ತಿಗೆ ಸಂಜೆಯಾಗಿರುತ್ತದೆ. ಮಡಕೆಯ ದಾರಿ ಇನ್ನೊಂದೇ. ಒಸರಿದ ನೀರು ಆವಿಯಾಗುತ್ತ ಶಾಖವನ್ನು ಹೊತ್ತೊಯ್ಯುತ್ತದೆ. ಬಿಸಿಲಿನ ಎಚ್ಚರಿಕೆಯ ಕರಪತ್ರಗಳು ಈ ಮೂರನ್ನೂ 'ತಂಪು' ಎಂಬ ಒಂದೇ ಚೀಲಕ್ಕೆ ತುಂಬಿದರೆ, ಸಂಶೋಧಕರು ನಲವತ್ತು ವರ್ಷ ಬಿಡಿಸಿದ ಗಂಟನ್ನು ಮತ್ತೆ ಕಟ್ಟಿದಂತೆ. ಮಾವು ಉಷ್ಣ, ಮಜ್ಜಿಗೆ ತಂಪು ಎಂಬ ಮನೆಯ ಮಾತಂತೂ ಮಗುವಿನ ತಲೆಯಲ್ಲಿ ಮೊದಲೇ ಕೂತಿರುತ್ತದೆ.

ಮಡಕೆಯನ್ನೇ ಇಟ್ಟುಕೊಂಡು ಗುಜರಾತಿನ ಎರಡು ನಗರಗಳನ್ನು ಹೋಲಿಸಬಹುದು. ಅಹಮದಾಬಾದಿನದು ಕಲಬುರಗಿಯಂಥ ಒಣ ಬಿಸಿಲು, ಸೂರತ್‌ನದು ಮಂಗಳೂರಿನಂಥ ಸೆಕೆ. 42 ಡಿಗ್ರಿ, ಶೇ. 20 ತೇವಾಂಶವಿದ್ದಾಗ ಮಡಕೆಯ ನೀರು ಹೆಚ್ಚೆಂದರೆ 24 ಡಿಗ್ರಿಯ ತನಕ ಇಳಿಯಬಲ್ಲದು. 36 ಡಿಗ್ರಿ, ಶೇ. 60 ತೇವಾಂಶವಾದರೆ 29ರ ಕೆಳಗೆ ಇಳಿಯುವಂತಿಲ್ಲ. ಹೆಚ್ಚು ಸುಡುವ ಊರಿನಲ್ಲೇ ಮಡಕೆಯ ನೀರು ಹೆಚ್ಚು ತಂಪು! ಹವಾಮಾನ ಇಲಾಖೆ ಬಿಸಿಗಾಳಿ ಎಂದು ಪರಿಗಣಿಸುವ ಮಿತಿ ಬಯಲು ಸೀಮೆಗೆ 40, ಕರಾವಳಿಗೆ 37 ಎಂದು ಬೇರೆ ಬೇರೆ ಇಟ್ಟದ್ದು ಏಕೆಂದು ವಿವರಿಸಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಾಣದು. ನಮ್ಮ ಬೆವರಿನ ಪಾಡೂ ಆ ಮಡಕೆಯದ್ದೇ.

ಸೂರತ್‌ನ ಮಡಕೆಗೆ ಇನ್ನೊಂದು ಕೆಲಸವೂ ಇದೆ. ಕತಾರ್‌ಗಾಮ್‌ಗೆ ವಜ್ರಕ್ಕಿಂತ ಹಳೆಯ ಹೆಸರು ತಂದದ್ದು ಅಲ್ಲಿನ ಪಾಪಡಿ, ಅಂದರೆ ನಮ್ಮ ಅವರೆಯ ಜಾತಿಯ ಕಾಯಿ. ಚಳಿಗಾಲದ ಉಂಧಿಯು ಎಂಬ ತರಕಾರಿ ಅಡುಗೆಗೆ ಅದೇ ಬೇಕು. ದಕ್ಷಿಣ ಗುಜರಾತಿನ ಹಳೆಯ ಕ್ರಮದಲ್ಲಿ ಮಡಕೆಯ ಒಳಮೈಗೆ ಹಸಿ ಸೊಪ್ಪು ಒತ್ತಾಗಿ ಹಾಸಿ, ನಡುವೆ ಪಾಪಡಿ, ಗೆಡ್ಡೆ ತುಂಬಿ, ಬಾಯಿಗೂ ಸೊಪ್ಪು ತುರುಕಿ, ಬೋರಲು ಹಾಕಿ ಸುತ್ತ ಬೆಂಕಿ ಹಚ್ಚುತ್ತಾರೆ. ನೀರು ಹಾಕುವುದಿಲ್ಲ. ಮಣ್ಣು ಮತ್ತು ಸೊಪ್ಪಿನ ಪದರ ಬೆಂಕಿಯ ರಭಸವನ್ನು ತಡೆದು ನಿಧಾನವಾಗಿ ಬಿಡುವುದರಿಂದ ಕಾಯಿ ಸೀಯದೆ ತನ್ನ ಹಬೆಯಲ್ಲೇ ಬೇಯುತ್ತದೆ. ಸೂರತ್ ನಗರಪಾಲಿಕೆಯ ಶಾಲೆಗಳಲ್ಲಿ ಗುಜರಾತಿ, ಮರಾಠಿ, ಹಿಂದಿ, ಉರ್ದು, ಒಡಿಯಾ, ತೆಲುಗು, ಇಂಗ್ಲಿಷ್ ಮಾಧ್ಯಮಗಳಿವೆ. ಯಾವ ಮಾಧ್ಯಮದ ಮೇಷ್ಟ್ರಿಗೂ ಈ ಮಡಕೆ ಸ್ವೆಟರಿಗಿಂತ ಹತ್ತಿರ.

ಪುಸ್ತಕಗಳೂ ಕದಲಿವೆ. 2024ರಿಂದ ಬರುತ್ತಿರುವ ಎನ್‌ಸಿಇಆರ್‌ಟಿಯ ಹೊಸ ಸರಣಿಯಲ್ಲಿ ಆರನೇ ತರಗತಿಗೆ ತಾಪಮಾನ ಮತ್ತು ಅದರ ಅಳತೆ, ಏಳಕ್ಕೆ ಪ್ರಕೃತಿಯಲ್ಲಿ ಶಾಖದ ವರ್ಗಾವಣೆ. ಎರಡನ್ನೂ ಬೇರೆ ಬೇರೆ ವರ್ಷಕ್ಕೆ ಇಟ್ಟದ್ದು ಜಾಣತನ. ಪಾದರಸದ ಬಳಕೆ ತಗ್ಗಿಸುವ ಮಿನಮಾಟಾ ಒಪ್ಪಂದ 2017ರಲ್ಲಿ ಜಾರಿಯಾದ ಮೇಲೆ ಗಾಜಿನ ಕೊಳವೆಯ ಜಾಗಕ್ಕೆ ಡಿಜಿಟಲ್ ಮಾಪಕ ಬಂದಿದೆ. ಕೋವಿಡ್ ಕಾಲದಲ್ಲಿ ಶಾಲೆಯ ಬಾಗಿಲಲ್ಲಿ ಹಣೆಗೆ ಹಿಡಿಯುತ್ತಿದ್ದ ಪಿಸ್ತೂಲಿನಂಥ ಮಾಪಕಗಳು ಈಗ ಬೀರುವಿನಲ್ಲಿ ಬಿದ್ದಿವೆ. ಅವುಗಳಲ್ಲಿ ಹಲವು ಮೈಯ ತಾಪಮಾನದ ಆಸುಪಾಸಿನ ಅಂಕಿಯನ್ನಷ್ಟೇ ತೋರಿಸುತ್ತವೆ. ಕಾರ್ಖಾನೆಗಳಲ್ಲಿ ಬಳಸುವ ಅದೇ ಬಗೆಯ ಮಾಪಕ ತಂದರೆ ಮಕ್ಕಳು ಸೂರು, ಗೋಡೆ, ನೆಲ, ಮಡಕೆ ಎಲ್ಲದಕ್ಕೂ ಗುರಿಯಿಟ್ಟು ಅರ್ಧ ಗಂಟೆಯಲ್ಲಿ ಪಟ್ಟಿ ಮಾಡಿಬಿಡುತ್ತಾರೆ. ಒಂದು ಎಚ್ಚರಿಕೆ ಬೇಕು. ಹೊಳೆಯುವ ಹೊಸ ತಗಡಿಗೆ ಹಿಡಿದರೆ ಅದು ನಿಜಕ್ಕಿಂತ ಬಹಳ ಕಡಿಮೆ ತೋರಿಸುತ್ತದೆ, ಏಕೆಂದರೆ ಹೊಳಪಿನ ಲೋಹ ಸೂಸುವ ಅವಕೆಂಪು ಕಿರಣ ತೀರಾ ಕಡಿಮೆ. ತಗಡಿನ ಮೇಲೆ ಎಲೆಕ್ಟ್ರಿಷಿಯನ್‌ಗಳ ಕಪ್ಪು ಟೇಪಿನ ಒಂದು ತುಂಡು ಅಂಟಿಸಿ, ಸ್ವಲ್ಪ ಹೊತ್ತು ಬಿಟ್ಟು, ಆ ಟೇಪಿಗೆ ಗುರಿಯಿಟ್ಟರೆ ಸರಿಯಾದ ಅಂಕಿ ಸಿಗುತ್ತದೆ.