ಆಟದ ಪೆಟ್ಟಿಗೆ ಆಸ್ಪತ್ರೆಗೆ ಬಂದ ಕಥೆ

ಪಾರ್ಕಿನ್ಸನ್ ಅಂದರೆ ನಮ್ಮಲ್ಲಿ ಇವತ್ತಿಗೂ ಕೈ ನಡುಗೋ ಕಾಯಿಲೆ ಅಷ್ಟೇ. ನಡುಕಕ್ಕಿಂತ ಹೆಚ್ಚು ಕಾಡೋದು ಬೇರೆ. ಹೊಸ್ತಿಲ ಹತ್ತಿರ ಬಂದವರ ಕಾಲು ನೆಲಕ್ಕೆ ಅಂಟಿದ ಹಾಗೆ ನಿಂತುಬಿಡುತ್ತೆ. ಲಂಡನ್ನಿನ ಜೇಮ್ಸ್ ಪಾರ್ಕಿನ್ಸನ್ ಇದರ ಬಗ್ಗೆ ಬರೆದದ್ದು 1817ರಲ್ಲಿ. ಲೆವೊಡೋಪ ಔಷಧಿ ಬಳಕೆಗೆ ಬರಲು 1960ರ ದಶಕ ಆಗಬೇಕಾಯಿತು. ಔಷಧಿ ಮೈ ಸಡಿಲ ಮಾಡುತ್ತೆ ನಿಜ, ಬೀಳದೆ ನಡೆಯೋಕೆ ಮಾತ್ರ ವ್ಯಾಯಾಮ ಬೇಕು. ದಿನಾ ಅದೇ ವ್ಯಾಯಾಮ. ಯಾರಿಗೆ ಬೇಜಾರಾಗಲ್ಲ ಹೇಳಿ?

2006ರ ನವೆಂಬರ್‌ನಲ್ಲಿ ಜಪಾನಿನ ನಿಂಟೆಂಡೊ ಕಂಪನಿ 'ವೀ' ಅನ್ನೋ ಆಟದ ಪೆಟ್ಟಿಗೆ ತಂತು. ರಿಮೋಟ್ ಹಿಡಿದು ಕೈ ಬೀಸಿದರೆ ಟಿವಿಯೊಳಗೆ ಟೆನಿಸ್ ಬ್ಯಾಟು ಬೀಸುತ್ತೆ. ಫೋನ್ ಅಡ್ಡ ಹಿಡಿದರೆ ಚಿತ್ರ ತಿರುಗುತ್ತಲ್ಲ, ಅದೇ ಜಾತಿಯ ಚಿಪ್ ಅದರೊಳಗಿತ್ತು. 2009ರ ಹೊತ್ತಿಗೆ ಅಮೆರಿಕದ ಮೆಡಿಕಲ್ ಕಾಲೇಜ್ ಆಫ್ ಜಾರ್ಜಿಯಾದವರು ಪಾರ್ಕಿನ್ಸನ್ ರೋಗಿಗಳಿಗೆ ವಾರಕ್ಕೆ ಮೂರು ದಿನದಂತೆ ನಾಲ್ಕು ವಾರ ಇದನ್ನು ಆಡಿಸಿ ನೋಡಿದರು. ಚಲನೆಯೂ ಸುಧಾರಿಸಿತು, ಮನಸ್ಸಿನ ಮಂಕೂ ಕಡಿಮೆಯಾಯಿತು ಅಂದರು.

ಯಾಕೆ ಹೀಗೆ? ಈ ಕಾಯಿಲೆಯಲ್ಲಿ 'ಹೆಜ್ಜೆ ಇಡು' ಅನ್ನೋ ಒಳಗಿನ ಸೂಚನೆ ಸರಿಯಾಗಿ ಬರಲ್ಲ. ಹೊರಗಿನಿಂದ ಸೂಚನೆ ಸಿಕ್ಕರೆ ಕಾಲು ಎದ್ದೇಳಬಹುದು. ನೆಲದ ಮೇಲೆ ಎಳೆದ ಗೆರೆ ನೋಡಿ ದಾಟಿಬಿಡುವ ರೋಗಿಗಳಿದ್ದಾರೆ. ಪರದೆಯ ಮೇಲೆ ಉರುಳಿ ಬರುವ ಚೆಂಡೂ ಅಂಥದ್ದೇ ಗೆರೆ.

ಆದರೆ ಆಟಕ್ಕೆ ಅಂಕ ಗೊತ್ತು, ಭಂಗಿ ಗೊತ್ತಿಲ್ಲ. ಮಣಿಕಟ್ಟು ಅಲ್ಲಾಡಿಸಿಯೇ ಗೆದ್ದುಬಿಡಬಹುದು! 2010ರಲ್ಲಿ ಬಂದ ಮೈಕ್ರೋಸಾಫ್ಟ್‌ನ ಕೈನೆಕ್ಟ್ ಕ್ಯಾಮೆರಾ ಇಡೀ ಮೈಯ ಕೀಲುಗಳನ್ನೇ ಗುರುತಿಸುತ್ತಿತ್ತು, ಚಿಕಿತ್ಸೆಗೆ ಅದು ಇನ್ನೂ ವಾಸಿ. 2016ರಲ್ಲಿ ಕೊಕ್ರೇನ್ ಸಂಸ್ಥೆ ಎಂಟು ಅಧ್ಯಯನ, 263 ರೋಗಿಗಳ ಲೆಕ್ಕ ಹಾಕಿತು. ಹೆಜ್ಜೆಯ ಉದ್ದ ಒಂದಿಷ್ಟು ಹೆಚ್ಚಿತ್ತು, ಪುರಾವೆ ಮಾತ್ರ ಗಟ್ಟಿಯಾಗಿರಲಿಲ್ಲ. ಮರುವರ್ಷ ಕಂಪನಿ ಕೈನೆಕ್ಟ್ ತಯಾರಿಕೆಯನ್ನೇ ನಿಲ್ಲಿಸಿತು. ಆಟದ ಮಾರುಕಟ್ಟೆಯಲ್ಲಿ ರೋಗಿಗಳ ಲೆಕ್ಕ ಯಾರಿಟ್ಟಿದ್ದರು?

ಇದೆಲ್ಲ ಜಗಳೂರಿಗೆ ಯಾಕೆ ಅಂತೀರಾ? ಮೆಡಿಕಲ್ ಕಾಲೇಜು 1965ರಿಂದ ದಾವಣಗೆರೆಯಲ್ಲಿದೆ. 1997ರಲ್ಲಿ ಜಗಳೂರು ಚಿತ್ರದುರ್ಗ ಬಿಟ್ಟು ದಾವಣಗೆರೆ ಜಿಲ್ಲೆಗೆ ಸೇರಿತು. ಜಿಲ್ಲೆ ಬದಲಾಯಿತು, ಬಸ್ಸಿನ ಮೆಟ್ಟಿಲು ಬದಲಾಗಲಿಲ್ಲ. ಹೊಸ್ತಿಲಲ್ಲೇ ಕಾಲು ಕಚ್ಚಿಕೊಳ್ಳುವ ಅಜ್ಜ ವಾರಕ್ಕೆ ಮೂರು ದಿನ ಅಷ್ಟು ದೂರ ಹೋಗಿ ಬರೋಕಾಗುತ್ತಾ? ಕೈನೆಕ್ಟ್ ಮಾಡುತ್ತಿದ್ದ ಕೀಲು ಗುರುತಿಸುವ ಕೆಲಸವನ್ನು ಇವತ್ತು ಮೊಮ್ಮಗನ ಫೋನಿನ ಕ್ಯಾಮೆರಾವೇ ಬಹುಪಾಲು ಮಾಡುತ್ತೆ. ಯಾವ ಆಟ, ಎಷ್ಟು ಹೊತ್ತು ಅನ್ನೋದನ್ನು ಮಾತ್ರ ಫಿಸಿಯೋಥೆರಪಿಸ್ಟ್ ಒಮ್ಮೆ ಅಜ್ಜನನ್ನು ನಡೆಸಿ ನೋಡಿಯೇ ಹೇಳಬೇಕು. ಆಮೇಲೂ ಆಡುವಾಗ ಪಕ್ಕದಲ್ಲಿ ಗಟ್ಟಿ ಕುರ್ಚಿ ಇರಲಿ, ಹಿಡಿದುಕೊಳ್ಳೋಕೆ ಮೊಮ್ಮಗನೂ ಇರಲಿ.