ಗಾಳಿಯ ಜಮಾಖರ್ಚು: ಶೆಲ್ಡನ್ ಫ್ರೀಡ್‌ಲ್ಯಾಂಡರ್ ಅವರ ಕಣವಿಜ್ಞಾನ

ಗಾಳಿ ಹೀರುವ ಪಂಪಿಗೆ ಬಿಳಿಯ ಶೋಧಕ ಹಾಳೆಯೊಂದನ್ನು ಸಿಕ್ಕಿಸಿ ಇಡೀ ದಿನ ಓಡಿಸಿದರೆ ಸಂಜೆಯ ಹೊತ್ತಿಗೆ ಹಾಳೆ ಬೂದುಬಣ್ಣಕ್ಕೆ ತಿರುಗಿರುತ್ತದೆ. ತಕ್ಕಡಿಗೆ ಇಟ್ಟರೆ ಎಷ್ಟು ಕೊಳೆ ಎಂಬುದು ತಿಳಿಯುತ್ತದೆ. ಯಾರ ಕೊಳೆ ಎಂಬುದು ತಿಳಿಯುವುದಿಲ್ಲ. 1970ರ ದಶಕದ ಆರಂಭದಲ್ಲಿ ಲಾಸ್ ಏಂಜಲೀಸ್ ಪಕ್ಕದ ಪಾಸಡೀನಾದಲ್ಲಿ ಈ ಎರಡನೆಯ ಪ್ರಶ್ನೆಗೆ ಲೆಕ್ಕದ ಉತ್ತರ ಹುಡುಕಿದವರು ರಾಸಾಯನಿಕ ಎಂಜಿನಿಯರ್ ಶೆಲ್ಡನ್ ಫ್ರೀಡ್‌ಲ್ಯಾಂಡರ್. ಕಾರ್ಖಾನೆಯ ಕೊಳವೆಗಾಗಿ ಕಲಿತ ವಿದ್ಯೆಯನ್ನು ಅವರು ಊರಿನ ಗಾಳಿಗೆ ಹೇಗೆ ಅನ್ವಯಿಸಿದರು, ಆ ವಿದ್ಯೆ ಭಾರತದ ಸೌದೆ ಒಲೆಯವರೆಗೆ ಹೇಗೆ ಬಂತು ಎಂಬುದು ಈ ಲೇಖನದ ವಿಷಯ.

ರಾಸಾಯನಿಕ ಎಂಜಿನಿಯರ್ ಮೊದಲ ವರ್ಷದಲ್ಲೇ ಕಲಿಯುವ ಪಾಠ ದ್ರವ್ಯರಾಶಿಯ ಲೆಕ್ಕ. ಕಡಾಯಿಯೊಳಗೆ ಬಂದದ್ದು ಜಮಾ, ಹೊರಗೆ ಹೋದದ್ದು ಖರ್ಚು, ಒಳಗೆ ಉಳಿದದ್ದು ಶಿಲ್ಕು. ಮೂರೂ ತಾಳೆಯಾಗಬೇಕು, ಆಗದಿದ್ದರೆ ಎಲ್ಲೋ ಸೋರಿಕೆಯಿದೆ ಅಥವಾ ಅಳತೆ ತಪ್ಪಿದೆ. ಫ್ರೀಡ್‌ಲ್ಯಾಂಡರ್ ಅವರ ಸುಮಾರು ಐದು ದಶಕಗಳ ಕೆಲಸದಲ್ಲಿ ವಿಷಯಗಳು ಬದಲಾದವು, ಊರುಗಳು ಬದಲಾದವು. ಈ ಪಾಠ ಬದಲಾಗಲಿಲ್ಲ.

1927ರಲ್ಲಿ ನ್ಯೂಯಾರ್ಕ್‌ನಲ್ಲಿ ಹುಟ್ಟಿದ ಅವರು ಕೊಲಂಬಿಯಾ ವಿಶ್ವವಿದ್ಯಾಲಯದಿಂದ 1949ರಲ್ಲಿ ರಾಸಾಯನಿಕ ಎಂಜಿನಿಯರಿಂಗ್ ಪದವಿ ಪಡೆದರು, ಎಂಐಟಿಯಲ್ಲಿ ಸ್ನಾತಕೋತ್ತರ ಪದವಿ ಮುಗಿಸಿದರು, 1954ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಎಚ್. ಎಫ್. ಜಾನ್‌ಸ್ಟೋನ್ ಅವರ ಮಾರ್ಗದರ್ಶನದಲ್ಲಿ ಡಾಕ್ಟರೇಟ್ ಗಳಿಸಿದರು. ಮುಂದೆ ಕಲಿಸಿದ್ದು ಕೊಲಂಬಿಯಾ, ಜಾನ್ಸ್ ಹಾಪ್‌ಕಿನ್ಸ್, 1964ರಿಂದ ಕ್ಯಾಲ್‌ಟೆಕ್, 1978ರಿಂದ ಯುಸಿಎಲ್‌ಎ. ಓದಿನ ಹಾದಿ ನೇರವಾಗಿಯೇ ಇದೆ. ಕುತೂಹಲ ಹುಟ್ಟಿಸುವುದು ಸಮಸ್ಯೆಗಳ ಹಾದಿ.

ಡಾಕ್ಟರೇಟ್ ದಿನಗಳ ಸಮಸ್ಯೆ ಕೊಳವೆಯದು. ಕೊಳವೆಯೊಳಗೆ ಗಾಳಿ ಸುಳಿಸುಳಿಯಾಗಿ ಹರಿಯುತ್ತಿರುವಾಗ ಅದರಲ್ಲಿ ತೇಲುವ ಧೂಳಿನ ಕಣ ಗೋಡೆಗೆ ಹೇಗೆ ಅಂಟುತ್ತದೆ? ಗೋಡೆಯ ಹತ್ತಿರ ಗಾಳಿಯ ಒಂದು ತೆಳುಪದರ ಹೆಚ್ಚುಕಡಿಮೆ ಶಾಂತವಾಗಿರುತ್ತದೆ. ಸುಳಿಗಳು ಅಲ್ಲಿಯವರೆಗೆ ಮುಟ್ಟುವುದಿಲ್ಲ. ಆದರೂ ಕಣಗಳು ಅಂಟುತ್ತಿದ್ದವು. 1957ರಲ್ಲಿ ಜಾನ್‌ಸ್ಟೋನ್ ಅವರೊಡನೆ ಪ್ರಕಟಿಸಿದ ಪ್ರಬಂಧ ಇದಕ್ಕೆ ಕೊಟ್ಟ ವಿವರಣೆ ಇಂದಿಗೂ ಪಠ್ಯಗಳಲ್ಲಿದೆ. ಓಡುತ್ತಿರುವ ಬಸ್ಸಿನಿಂದ ಇಳಿದವನು ನಾಲ್ಕು ಹೆಜ್ಜೆ ಮುಂದಕ್ಕೆ ಓಡಿಯೇ ನಿಲ್ಲುತ್ತಾನಲ್ಲ, ಕಣದ ಸ್ಥಿತಿಯೂ ಹಾಗೆಯೇ. ಸುಳಿ ಅದನ್ನು ಗೋಡೆಯವರೆಗೆ ಹೊತ್ತೊಯ್ಯಬೇಕಿಲ್ಲ. ನಿಲುಗಡೆಯ ದೂರದಷ್ಟು ಹತ್ತಿರ ತಂದುಬಿಟ್ಟರೆ ಸಾಕು, ಮಿಕ್ಕ ದೂರವನ್ನು ಕಣ ತನ್ನ ಜಡತ್ವದಿಂದಲೇ ದಾಟುತ್ತದೆ.

ಮರುವರ್ಷವೇ ಅವರು ನಾರಿನ ಶೋಧಕಗಳ ಸಿದ್ಧಾಂತಕ್ಕೆ ಕೈಹಾಕಿದರು. ಶೋಧಕವೆಂದರೆ ಜರಡಿ ಎಂದು ನಾವು ಭಾವಿಸುತ್ತೇವೆ: ದೊಡ್ಡದು ಸಿಕ್ಕಿಬೀಳುತ್ತದೆ, ಸಣ್ಣದು ನುಸುಳುತ್ತದೆ. ಕಣಲೋಕದಲ್ಲಿ ನಡೆಯುವುದು ಬೇರೆ. ಅತಿ ಸಣ್ಣ ಕಣಗಳನ್ನು ಗಾಳಿಯ ಅಣುಗಳು ಅತ್ತಿತ್ತ ತಳ್ಳಾಡುತ್ತವೆ. ಹಾಗೆ ಅಲೆಯುತ್ತಾ ಅವು ನಾರಿಗೆ ತಾಗಿ ಅಂಟುತ್ತವೆ. ದೊಡ್ಡ ಕಣಗಳು ತಮ್ಮ ಗಾತ್ರದಿಂದಲೇ ನಾರಿಗೆ ಉಜ್ಜಿ ಸಿಕ್ಕಿಕೊಳ್ಳುತ್ತವೆ. ನಡುವಿನ ಕಣ, ಅಂದರೆ ಸುಮಾರು 0.3 ಮೈಕ್ರಾನ್ ಗಾತ್ರದ್ದು, ಅಲೆದಾಡುವಷ್ಟು ಹಗುರವೂ ಅಲ್ಲ, ಉಜ್ಜುವಷ್ಟು ದೊಡ್ಡದೂ ಅಲ್ಲ. ಹೆಚ್ಚು ನುಸುಳುವುದು ಅದೇ. ಗಾಳಿ ಶುದ್ಧಿಗೆ ಬಳಸುವ ಹೆಪಾ ಶೋಧಕಗಳ ಶೇಕಡಾ 99.97 ಎಂಬ ಖಾತರಿಯನ್ನು 0.3 ಮೈಕ್ರಾನ್ ಕಣಕ್ಕೇ ಹೇಳುವುದು ಈ ಕಾರಣಕ್ಕೆ. ಕೋವಿಡ್ ಕಾಲದಲ್ಲಿ ಮುಖಗವಸಿನ ರಂಧ್ರಕ್ಕಿಂತ ಸಣ್ಣದಾದ ವೈರಾಣು ಒಳಗೆ ಬಂದೇ ಬರುತ್ತದೆ ಎಂಬ ಮಾತು ಎಲ್ಲೆಡೆ ಹರಿದಾಡಿತು. ಆ ಮಾತಿಗೆ ಉತ್ತರ ಅರವತ್ತು ವರ್ಷ ಹಿಂದಿನ ಈ ಲೆಕ್ಕದಲ್ಲೇ ಇತ್ತು.

ಸೈದ್ಧಾಂತಿಕವಾಗಿ ಅವರ ಅತಿ ಸುಂದರ ಕೆಲಸ 1960ರ ದಶಕದ ನಡುಭಾಗದ್ದು. ಗಾಳಿಯಲ್ಲಿರುವ ಹೊಗೆಯ ಕಣಗಳು ಸುಮ್ಮನಿರುವುದಿಲ್ಲ. ಒಂದಕ್ಕೊಂದು ತಾಗಿ ಕೂಡಿಕೊಳ್ಳುತ್ತವೆ. ಎಣಿಕೆ ಇಳಿಯುತ್ತದೆ, ಸರಾಸರಿ ಗಾತ್ರ ಏರುತ್ತದೆ, ಒಟ್ಟು ದ್ರವ್ಯರಾಶಿ ಮಾತ್ರ ಇದ್ದಷ್ಟೇ ಇರುತ್ತದೆ. ಈ ಕೂಡಿಕೆಯ ಸಮೀಕರಣವನ್ನು ಭೌತವಿಜ್ಞಾನಿ ಸ್ಮೊಲುಕೋವ್‌ಸ್ಕಿ ಮೊದಲ ಮಹಾಯುದ್ಧದ ಕಾಲದಲ್ಲೇ ಬರೆದಿಟ್ಟಿದ್ದರು. 1964ರಲ್ಲಿ ಸ್ವಿಫ್ಟ್ ಅವರೊಡನೆ, 1966ರಲ್ಲಿ ವಾಂಗ್ ಅವರೊಡನೆ ಫ್ರೀಡ್‌ಲ್ಯಾಂಡರ್ ತೋರಿಸಿದ್ದು ಇದು: ಸಾಕಷ್ಟು ಹೊತ್ತು ಕಳೆದ ಮೇಲೆ ಪ್ರತಿ ಕಣದ ಗಾತ್ರವನ್ನು ಆ ಹೊತ್ತಿನ ಸರಾಸರಿಗೆ ಹೋಲಿಸಿ ನಕ್ಷೆ ಬರೆದರೆ, ಹಂಚಿಕೆಯ ರೇಖೆ ಬದಲಾಗುವುದೇ ಇಲ್ಲ. ಆರಂಭದಲ್ಲಿ ಕಣಗಳೆಲ್ಲ ಒಂದೇ ಗಾತ್ರದವಾಗಿದ್ದರೂ ಸರಿ, ನಾನಾ ಗಾತ್ರದವಾಗಿದ್ದರೂ ಸರಿ, ಕೊನೆಗೆ ಅದೇ ರೇಖೆ. ತನ್ನ ಆಕಾರವನ್ನು ತಾನೇ ಕಾಯ್ದುಕೊಳ್ಳುವ ಹಂಚಿಕೆ ಎಂದು ಇದಕ್ಕೆ ಹೆಸರು ಬಂತು.

ಇದರ ಅರ್ಥವನ್ನು ಇನ್ನೊಂದು ಬಗೆಯಲ್ಲೂ ಹೇಳಬಹುದು. ಬೇರೆ ಬೇರೆ ಕಡೆ ಹುಟ್ಟಿದ ಕಣಗಳು ಬೆರೆತು ಹಳತಾದಂತೆ, ಅವುಗಳ ಗಾತ್ರ ತವರನ್ನು ಮರೆತುಬಿಡುತ್ತದೆ. ಹಾಗಾದರೆ ತವರನ್ನು ನೆನಪಿಡುವುದು ಯಾವುದು?

ಧಾತುಗಳು. ಎರಡು ಕಣ ಕೂಡಿ ಒಂದಾದರೂ ಒಂದರೊಳಗಿನ ಸೀಸ, ಇನ್ನೊಂದರೊಳಗಿನ ಸೋಡಿಯಂ ಹಾಗೆಯೇ ಉಳಿಯುತ್ತವೆ. ಫ್ರೀಡ್‌ಲ್ಯಾಂಡರ್ ಅವರ ಎರಡು ದೊಡ್ಡ ಕೆಲಸಗಳನ್ನು, ಅಂದರೆ ಗಾತ್ರದ ಹಂಚಿಕೆಯ ಈ ಸಿದ್ಧಾಂತವನ್ನೂ ಧಾತುಗಳಿಂದ ಕೊಳೆಯ ಮೂಲ ಹುಡುಕುವ ಲೆಕ್ಕವನ್ನೂ, ಸಾಮಾನ್ಯವಾಗಿ ಬೇರೆ ಬೇರೆ ಅಧ್ಯಾಯಗಳಾಗಿ ಓದಿಸುತ್ತಾರೆ. ಅವನ್ನು ಒಂದೇ ವಿಚಾರದ ಎರಡು ಮುಖಗಳಾಗಿ ಓದುವುದು ಹೆಚ್ಚು ಸರಿ ಎಂಬುದು ಈ ಲೇಖನದ ನಿಲುವು.

ಕ್ಯಾಲ್‌ಟೆಕ್ ಇರುವ ಪಾಸಡೀನಾ ಈ ಎರಡನೆಯ ಕೆಲಸಕ್ಕೆ ಹೇಳಿ ಮಾಡಿಸಿದ ಜಾಗ. ಪಶ್ಚಿಮಕ್ಕೆ ಶಾಂತಸಾಗರ, ಉತ್ತರಕ್ಕೆ ಸ್ಯಾನ್ ಗೇಬ್ರಿಯಲ್ ಬೆಟ್ಟಸಾಲು, ಮೇಲೆ ಮುಚ್ಚಳದಂತೆ ಕೂರುವ ಬಿಸಿಗಾಳಿಯ ಪದರ. ಕಾರುಗಳ ಹೊಗೆ ಎಲ್ಲಿಗೂ ಹೋಗಲಾರದೆ ಬಿಸಿಲಿನಲ್ಲಿ ಬೇಯುತ್ತದೆ. ಅಲ್ಲಿನ ಹೊಗೆಮಂಜಿನ ರಸಾಯನವನ್ನು ಕ್ಯಾಲ್‌ಟೆಕ್‌ನ ಆರೀ ಹಾಗೆನ್-ಸ್ಮಿಟ್ 1950ರ ದಶಕದಲ್ಲೇ ಬಿಡಿಸಿದ್ದರು. 1969ರಲ್ಲಿ ಕಣವಿಜ್ಞಾನಿ ಕೆನೆತ್ ವಿಟ್ಬಿ ಮತ್ತಿತರರು ಸೇರಿ ಅಲ್ಲಿ ಕಣಗಳ ಗಾತ್ರವನ್ನು ವಿವರವಾಗಿ ಅಳೆದರು. ಬೆಟ್ಟವನ್ನು ಕಣ್ಣಿಂದ ಮರೆಮಾಡುವ ಮಬ್ಬಿಗೆ ಮುಖ್ಯ ಕಾರಣ 0.1ರಿಂದ 1 ಮೈಕ್ರಾನ್‌ವರೆಗಿನ ಕಣಗಳು. ಅವುಗಳ ಗಾತ್ರ ಬೆಳಕಿನ ತರಂಗದ ಉದ್ದಕ್ಕೆ ಹತ್ತಿರವಿರುವುದರಿಂದ ಬೆಳಕನ್ನು ಅವು ಚೆನ್ನಾಗಿ ಚದುರಿಸುತ್ತವೆ.

ಇನ್ನು ಲೆಕ್ಕ. 1972ರಲ್ಲಿ ಮಿಲ್ಲರ್ ಮತ್ತು ಹೈಡಿ ಅವರೊಡನೆ, 1973ರಲ್ಲಿ ಒಬ್ಬರೇ ಬರೆದ ಪ್ರಬಂಧಗಳಲ್ಲಿ ಫ್ರೀಡ್‌ಲ್ಯಾಂಡರ್ ಮಂಡಿಸಿದ ವಿಧಾನವನ್ನು ಇಂದು ರಾಸಾಯನಿಕ ದ್ರವ್ಯರಾಶಿ ಸಮತೋಲನ ಎನ್ನುತ್ತಾರೆ. ಪ್ರತಿ ಹೊಗೆಗೂ, ಪ್ರತಿ ಧೂಳಿಗೂ ಧಾತುಗಳ ಒಂದು ಪ್ರಮಾಣಪಟ್ಟಿ ಇರುತ್ತದೆ. ಅದೇ ಅದರ ಬೆರಳಚ್ಚು. ಸಮುದ್ರದ ಉಪ್ಪಿಗೆ ಸೋಡಿಯಂ, ಮಣ್ಣಿಗೆ ಅಲ್ಯುಮಿನಿಯಂ ಮತ್ತು ಸಿಲಿಕಾನ್, ಸಿಮೆಂಟಿಗೆ ಕ್ಯಾಲ್ಸಿಯಂ, ಉರಿಎಣ್ಣೆಯ ಬೂದಿಗೆ ವನೇಡಿಯಂ, ಆ ಕಾಲದ ಪೆಟ್ರೋಲ್ ಕಾರಿಗೆ ಸೀಸ. ವಾಹನದ ಹೊಗೆಯ ಕಣಗಳಲ್ಲಿ ಐದರಲ್ಲಿ ಎರಡು ಪಾಲು ಸೀಸವಿದೆ ಎಂದಿಟ್ಟುಕೊಳ್ಳಿ. ಶೋಧಕ ಹಾಳೆಯ ಮೇಲೆ 2 ಮೈಕ್ರೋಗ್ರಾಂ ಸೀಸ ಸಿಕ್ಕಿದರೆ ಅದರ ಹಿಂದೆ 5 ಮೈಕ್ರೋಗ್ರಾಂ ವಾಹನದ ಹೊಗೆ ಇದೆ. ಆದರೆ ಕ್ಯಾಲ್ಸಿಯಂ ಮಣ್ಣಿನಿಂದಲೂ ಬರುತ್ತದೆ, ಸಿಮೆಂಟಿನಿಂದಲೂ ಬರುತ್ತದೆ. ಆದ್ದರಿಂದ ಪ್ರತಿ ಧಾತುವಿಗೂ ಒಂದೊಂದು ಸಮೀಕರಣ ಬರೆದು ಎಲ್ಲವನ್ನೂ ಒಟ್ಟಿಗೇ ಬಿಡಿಸಬೇಕು. ಗಾಳಿ ಯಾವ ದಿಕ್ಕಿಗೆ ಬೀಸಿತು, ಚಿಮಣಿ ಎಷ್ಟು ಎತ್ತರವಿತ್ತು ಎಂಬ ಗೊಡವೆ ಬೇಕಿಲ್ಲ. ಹಾಳೆಯ ಮೇಲಿನ ಶಿಲ್ಕಿನಿಂದ ಹಿಂದಕ್ಕೆ ನಡೆದು ಜಮಾ ಮಾಡಿದವರನ್ನು ಗುರುತಿಸುವ ದಾರಿ ಇದು.

ವಿಧಾನದ ಮಿತಿ ಅದರ ಶಕ್ತಿಯೊಳಗೇ ಇದೆ. ಯಾವ ಮೂಲದ ಬೆರಳಚ್ಚನ್ನು ನಾವು ಪಟ್ಟಿಗೆ ಸೇರಿಸಿಲ್ಲವೋ ಆ ಮೂಲ ಲೆಕ್ಕದಲ್ಲಿ ಕಾಣಿಸುವುದೇ ಇಲ್ಲ. ಅದರ ಪಾಲು ಬೇರೊಬ್ಬರ ಖಾತೆಗೆ ಬೀಳುತ್ತದೆ. ಗಾಳಿಯಲ್ಲೇ ಅನಿಲದಿಂದ ಹುಟ್ಟುವ ಸಲ್ಫೇಟ್, ನೈಟ್ರೇಟ್ ಕಣಗಳಿಗೆ ನೇರವಾದ ಬೆರಳಚ್ಚಿಲ್ಲ. ಬೆರಳಚ್ಚು ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ ಕೂಡ: ಭಾರತದಲ್ಲಿ 2000ದಲ್ಲಿ ಸೀಸದ ಪೆಟ್ರೋಲ್ ನಿಂತಿತು. ಮಕ್ಕಳ ಆರೋಗ್ಯಕ್ಕೆ ಅದು ದೊಡ್ಡ ವರ. ಸಂಶೋಧಕರಿಗೆ ಮಾತ್ರ ವಾಹನವನ್ನು ಗುರುತಿಸುವ ಸುಲಭದ ಗುರುತು ಕೈತಪ್ಪಿ, ಇಂಗಾಲದ ಸಂಯುಕ್ತಗಳತ್ತ ತಿರುಗಬೇಕಾಯಿತು.

1977ರಲ್ಲಿ ‘ಸ್ಮೋಕ್, ಡಸ್ಟ್ ಅಂಡ್ ಹೇಜ್’ ಎಂಬ ಅವರ ಪಠ್ಯ ಬಂತು. ಪರಿಷ್ಕೃತ ಮುದ್ರಣ 2000ದಲ್ಲಿ. ಹೊಗೆ, ಧೂಳು, ಮಬ್ಬು ಎಂದು ಬೇರೆ ಬೇರೆ ಇಲಾಖೆಗಳಲ್ಲಿ ಹಂಚಿಹೋಗಿದ್ದ ವಿಷಯವನ್ನು ಒಂದೇ ಸಮೀಕರಣದ ಕೆಳಗೆ ತಂದ ಪುಸ್ತಕ ಅದು. 1975ರಲ್ಲಿ ಅಮೆರಿಕದ ರಾಷ್ಟ್ರೀಯ ಎಂಜಿನಿಯರಿಂಗ್ ಅಕಾಡೆಮಿ ಅವರನ್ನು ಸದಸ್ಯರನ್ನಾಗಿ ಆರಿಸಿತ್ತು. ಅಮೆರಿಕದ ಏರೋಸಾಲ್ ಸಂಶೋಧಕರ ಸಂಘವನ್ನು ಕಟ್ಟಿದವರಲ್ಲಿ ಅವರೂ ಒಬ್ಬರು.

1978ರಿಂದ 1982ರವರೆಗೆ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಗೆ ಸಲಹೆ ಕೊಡುವ ಶುದ್ಧಗಾಳಿ ವಿಜ್ಞಾನ ಸಮಿತಿಯ ಅಧ್ಯಕ್ಷತೆಯೂ ಅವರದಾಗಿತ್ತು. 1971ರ ಅಮೆರಿಕದ ಮಾನದಂಡ ತೇಲುವ ಕಣಗಳನ್ನೆಲ್ಲ ಒಟ್ಟಾಗಿ ತೂಗುತ್ತಿತ್ತು. ಮೂಗಿನಲ್ಲೇ ನಿಲ್ಲುವ ದಪ್ಪ ಧೂಳಿಗೂ ಶ್ವಾಸಕೋಶದ ಆಳಕ್ಕಿಳಿಯುವ ಕಣಕ್ಕೂ ಅಲ್ಲಿ ಒಂದೇ ಬೆಲೆ. ಗಾತ್ರ ನೋಡಿ ಅಳೆಯಬೇಕು ಎಂಬ ವಾದ ಆ ವರ್ಷಗಳ ಪರಿಶೀಲನೆಯಲ್ಲಿ ಗಟ್ಟಿಯಾಯಿತು. 1987ರಲ್ಲಿ 10 ಮೈಕ್ರಾನ್‌ವರೆಗಿನ ಕಣಗಳ ಮಾನದಂಡ ಬಂತು, 1997ರಲ್ಲಿ 2.5 ಮೈಕ್ರಾನ್‌ನದು. ಭಾರತ 2009ರಲ್ಲಿ ಎರಡನೆಯದನ್ನೂ ಸೇರಿಸಿಕೊಂಡು ವಾರ್ಷಿಕ ಸರಾಸರಿಗೆ ಘನಮೀಟರಿಗೆ 40 ಮೈಕ್ರೋಗ್ರಾಂ ಮಿತಿ ಹಾಕಿತು.

ಯುಸಿಎಲ್‌ಎಯಲ್ಲಿ ಫ್ರೀಡ್‌ಲ್ಯಾಂಡರ್ ಅವರೊಡನೆ ಕೆಲಸ ಮಾಡಿದವರಲ್ಲಿ ಚಂದ್ರಾ ವೆಂಕಟರಾಮನ್ ಒಬ್ಬರು. ಲಾಸ್ ಏಂಜಲೀಸ್‌ನ ಗಾಳಿಯಲ್ಲಿ ಮಸಿ ಮತ್ತು ಕ್ಯಾನ್ಸರ್ ತರಬಲ್ಲ ಬಹುಚಕ್ರೀಯ ಹೈಡ್ರೋಕಾರ್ಬನ್‌ಗಳು ಯಾವ ಗಾತ್ರದ ಕಣಗಳ ಮೇಲೆ ಕೂತಿರುತ್ತವೆ ಎಂಬುದರ ಬಗ್ಗೆ ಇವರಿಬ್ಬರ ಪ್ರಬಂಧಗಳು 1994ರಲ್ಲಿ ಹೊರಬಂದವು. ಮುಂದೆ ಮುಂಬೈಯ ಐಐಟಿಯ ರಾಸಾಯನಿಕ ಎಂಜಿನಿಯರಿಂಗ್ ವಿಭಾಗದಲ್ಲಿ ಪ್ರಾಧ್ಯಾಪಕಿಯಾದ ಚಂದ್ರಾ ಅವರ ಕಣ್ಣು ಬಿದ್ದದ್ದು ಒಲೆಯ ಮೇಲೆ.

ಆ ಹೊತ್ತಿಗೆ ಒಂದು ವಿವಾದ ಎದ್ದಿತ್ತು. 1999ರ ಹಿಂದೂ ಮಹಾಸಾಗರ ಪ್ರಯೋಗ ದಕ್ಷಿಣ ಏಷ್ಯಾದ ಮೇಲೆ ಕವಿಯುವ ಕಂದು ಮಬ್ಬನ್ನು ದಾಖಲಿಸಿತ್ತು. ಅದರೊಳಗಿನ ಕಪ್ಪು ಇಂಗಾಲ ಡೀಸೆಲ್, ಕಲ್ಲಿದ್ದಲಿನದೋ ಅಥವಾ ಸೌದೆ, ಬೆರಣಿಯದೋ? ಹೊರದೇಶದ ಒಲೆಗಳ ಅಂಕಿಗಳನ್ನು ತಂದು ಹಚ್ಚಿದರೆ ಈ ಪ್ರಶ್ನೆ ಬಗೆಹರಿಯುವಂತಿರಲಿಲ್ಲ. ಚಂದ್ರಾ ಮತ್ತು ಸಂಗಡಿಗರು ಸೌದೆ, ಬೆಳೆಯ ಕಸ, ಬೆರಣಿ ಉರಿಸಿ ಹೊಗೆ ಅಳೆದು, 2005ರ ಮಾರ್ಚ್‌ನಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಲೆಕ್ಕ ಮುಂದಿಟ್ಟರು. ಭಾರತ ಹೊರಬಿಡುವ ಕಪ್ಪು ಇಂಗಾಲದಲ್ಲಿ ಮನೆಯೊಲೆಯ ಜೈವಿಕ ಇಂಧನದ ಪಾಲು ಶೇಕಡಾ 42, ಬಯಲಲ್ಲಿ ಕೂಳೆ ಮತ್ತು ಕಾಡು ಸುಡುವುದು 33, ಪಳೆಯುಳಿಕೆ ಇಂಧನ 25. ಆ ಪ್ರಬಂಧದ ಲೇಖಕರ ಸಾಲಿನಲ್ಲಿ ಕೊನೆಯ ಹೆಸರು ಫ್ರೀಡ್‌ಲ್ಯಾಂಡರ್ ಅವರದು. ಆಗ ಅವರಿಗೆ 77 ವರ್ಷ. ಎರಡು ವರ್ಷಗಳಲ್ಲಿ, 2007ರ ಫೆಬ್ರವರಿಯಲ್ಲಿ ತೀರಿಕೊಂಡರು.

ಲೆಕ್ಕಕ್ಕೆ ಸ್ವತಂತ್ರ ಸಾಕ್ಷಿ 2009ರಲ್ಲಿ ಸಿಕ್ಕಿತು. ಪುಣೆ ಬಳಿಯ ಸಿಂಹಗಡದಲ್ಲೂ ಮಾಲ್ಡೀವ್ಸ್‌ನಲ್ಲೂ ಹಿಡಿದ ಕಣಗಳಲ್ಲಿ ಇಂಗಾಲ-14ನ್ನು ಅಳೆದ ಸಂಶೋಧಕರು, ಮಸಿಯ ಸುಮಾರು ಅರ್ಧದಿಂದ ಮೂರನೇ ಎರಡು ಪಾಲು ಜೀವದ್ರವ್ಯ ಸುಟ್ಟು ಬಂದದ್ದೆಂದು ಕಂಡರು. ಕಲ್ಲಿದ್ದಲಿನಲ್ಲಿ ಇಂಗಾಲ-14 ಎಂದೋ ಅಳಿದಿರುತ್ತದೆ, ಸೌದೆಯಲ್ಲಿ ಇನ್ನೂ ಇರುತ್ತದೆ. ಇದೂ ಒಂದು ಬೆರಳಚ್ಚೇ.

ಒಲೆಯ ಮಾತು ಬಂದಾಗ ಕನ್ನಡ ನಾಡಿನ ಒಂದು ಪ್ರಯತ್ನವನ್ನು ನೆನೆಯಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ. ಕೆ. ಎನ್. ರೆಡ್ಡಿ ಅವರ ಮುಂದಾಳತ್ವದಲ್ಲಿ 1974ರಲ್ಲಿ ಹುಟ್ಟಿದ ಅಸ್ತ್ರ ಘಟಕ 1980ರ ದಶಕದಲ್ಲಿ ಅಸ್ತ್ರ ಒಲೆಯನ್ನು ಹಳ್ಳಿಗಳಿಗೆ ಕೊಟ್ಟಿತು. ಹೊಗೆಕೊಳವೆ ಮಾತ್ರ ಇದ್ದರೆ ಹೊಗೆ ಅಡುಗೆಮನೆಯ ಖಾತೆಯಿಂದ ಊರಿನ ಖಾತೆಗೆ ವರ್ಗವಾಗುತ್ತದೆ, ಅಷ್ಟೆ. ಅಸ್ತ್ರ ಒಲೆ ಸೌದೆಯನ್ನೂ ಉಳಿಸುತ್ತಿತ್ತು. ಜಮೆಯನ್ನೇ ತಗ್ಗಿಸುವ ದಾರಿ ಅದು.

ಫ್ರೀಡ್‌ಲ್ಯಾಂಡರ್ ಅವರ ವಿಧಾನ ಬೆಂಗಳೂರಿಗೂ ಬಂದಿದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ದೆಹಲಿ, ಮುಂಬೈ, ಚೆನ್ನೈ, ಪುಣೆ, ಕಾನ್ಪುರ, ಬೆಂಗಳೂರು ನಗರಗಳಲ್ಲಿ ಮಾಡಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದೇ ಸಮತೋಲನದ ಲೆಕ್ಕವಿದೆ. ಅದಕ್ಕೆಂದೇ ಭಾರತದ ವಾಹನಗಳ ಬೆರಳಚ್ಚನ್ನು ಪುಣೆಯ ವಾಹನ ಸಂಶೋಧನಾ ಸಂಸ್ಥೆ ಎಆರ್‌ಎಐ, ಇತರ ಮೂಲಗಳದನ್ನು ಮುಂಬೈಯ ಐಐಟಿ ತಯಾರಿಸಿದವು. ಬೆಂಗಳೂರಿನ ಅಧ್ಯಯನ ಟೆರಿ ಸಂಸ್ಥೆಯದು. ಮುಂದೆ ಚಂದ್ರಾ ಅವರ ನೇತೃತ್ವದ ‘ಕೋಲೆಸ್’ ಎಂಬ ರಾಷ್ಟ್ರೀಯ ಯೋಜನೆ ನಗರಗಳಾಚೆಗೂ ಕಣ ಹಿಡಿಯಲು ಹೊರಟಾಗ ಮೈಸೂರು ಅದರ ಕೇಂದ್ರಗಳಲ್ಲೊಂದಾಯಿತು.

2019ರ ರಾಷ್ಟ್ರೀಯ ಶುದ್ಧಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿ ಕರ್ನಾಟಕದ ನಾಲ್ಕು ನಗರಗಳಿವೆ: ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ. ದಾವಣಗೆರೆಯ ಮಂಡಕ್ಕಿ ಭಟ್ಟಿಯ ಹೊಗೆಗೂ, ಕಲಬುರಗಿ ಸೀಮೆಯ ಸಿಮೆಂಟ್ ಮತ್ತು ಸುಣ್ಣಕಲ್ಲಿನ ಧೂಳಿಗೂ, ಮಂಡ್ಯದ ಆಲೆಮನೆಯಲ್ಲಿ ಕಬ್ಬಿನ ಸಿಪ್ಪೆ ಉರಿದು ಏಳುವ ಹೊಗೆಗೂ ಎರವಲು ಬೆರಳಚ್ಚು ಹೊಂದುವುದಿಲ್ಲ. ಈ ಊರುಗಳ ಎಂಜಿನಿಯರಿಂಗ್ ಕಾಲೇಜುಗಳ ರಾಸಾಯನಿಕ ಮತ್ತು ಪರಿಸರ ವಿಭಾಗಗಳು ತಮ್ಮ ಸುತ್ತಲಿನ ಹತ್ತು ಮುಖ್ಯ ಮೂಲಗಳ ಬೆರಳಚ್ಚನ್ನು ಅಳೆದು, ಎಲ್ಲರಿಗೂ ಸಿಗುವಂತೆ ಪ್ರಕಟಿಸಬೇಕು.