ಅಧ್ಯಕ್ಷರ ಮಾತು, ಸದಸ್ಯರ ಒಪ್ಪಿಗೆ: ಆಂಧ್ರದ ನೌಕರ ಸಂಘಗಳ ಒಂದು ಪರಿಶೀಲನೆ

ಆಂಧ್ರಪ್ರದೇಶದ ಸಚಿವಾಲಯ ಇರುವುದು ಮಂಗಳಗಿರಿಗೆ ಸಮೀಪದ ವೆಲಗಪೂಡಿಯಲ್ಲಿ. ಅಲ್ಲಿನ ನೌಕರ ಸಂಘದ ನಾಯಕ ಕೆ. ವೆಂಕಟರಾಮಿ ರೆಡ್ಡಿ ಅವರನ್ನು 2024ರ ಏಪ್ರಿಲ್‌ನಲ್ಲಿ, ಚುನಾವಣೆಯ ಹೊಸ್ತಿಲಲ್ಲಿ, ಅಮಾನತು ಮಾಡಲಾಯಿತು. ಕಡಪ ಜಿಲ್ಲೆಯಲ್ಲಿ ಸಾರಿಗೆ ನೌಕರರನ್ನು ಕಂಡು ಅಂದಿನ ಆಡಳಿತ ಪಕ್ಷದ ಪರ ಪ್ರಚಾರ ಮಾಡಿದರೆಂಬುದು ಆರೋಪ. ರಾಜ್ಯ ನೌಕರರ 1964ರ ನಡತೆ ನಿಯಮಗಳು ಇಲ್ಲಿ ಕೇಳುವುದು ನೌಕರ ರಾಜಕೀಯ ಮಾಡಿದನೇ ಎಂದು ಮಾತ್ರ. ಸಂಘದ ಪದವಿ ಹೊತ್ತು ಹಾಗೆ ಮಾತಾಡಲು ಸದಸ್ಯರು ಒಪ್ಪಿದ್ದರೇ ಎಂಬುದು ಆ ನಿಯಮಗಳ ಚಿಂತೆಯಲ್ಲ. ನಮ್ಮ ಚಿಂತೆ ಅದೇ.

ಸದಸ್ಯರೇ ಈ ಪ್ರಶ್ನೆ ಎತ್ತಿದ ಸಂದರ್ಭವೂ ಉಂಟು. 2022ರ ಜನವರಿಯಲ್ಲಿ ಸರ್ಕಾರ ಘೋಷಿಸಿದ ಫಿಟ್‌ಮೆಂಟ್ (ವೇತನ ಪರಿಷ್ಕರಣೆಯ ಹೆಚ್ಚಳ) ಶೇ 23. ಅದಕ್ಕೂ ಮೊದಲು ಸಿಗುತ್ತಿದ್ದ ಮಧ್ಯಂತರ ಪರಿಹಾರ ಶೇ 27. ಸಿಟ್ಟಿಗೆದ್ದ ನೌಕರರು ಫೆಬ್ರುವರಿ 3ರಂದು ‘ಚಲೋ ವಿಜಯವಾಡ’ಕ್ಕೆ ಹೊರಟರು. ಪೊಲೀಸರ ಅನುಮತಿ ಇರಲಿಲ್ಲ. ತಪಾಸಣೆಗೆ ಸಿಗದಂತೆ ವೇಷ ಮರೆಸಿಕೊಂಡು ಬಂದವರೂ ಇದ್ದರು. ಬಿಆರ್‌ಟಿಎಸ್ ರಸ್ತೆ ತುಂಬಿಹೋಯಿತು. ಎರಡೇ ದಿನದಲ್ಲಿ ನಾಯಕರು ಸಚಿವರ ಸಮಿತಿಯೊಂದಿಗೆ ರಾಜಿಯಾಗಿ, ಘೋಷಿಸಿದ್ದ ಮುಷ್ಕರವನ್ನು ಕೈಬಿಟ್ಟರು. ಮನೆಬಾಡಿಗೆ ಭತ್ಯೆ ಸುಧಾರಿಸಿತು, ಫಿಟ್‌ಮೆಂಟ್ ಕದಲಲಿಲ್ಲ. ಶಿಕ್ಷಕರ ಸಂಘಗಳು ಈ ಒಪ್ಪಂದ ತಮ್ಮದಲ್ಲವೆಂದು ಬಹಿರಂಗವಾಗಿ ಹೇಳಿದವು.

ಹಾಗೆಂದು ಪಕ್ಷದ ಪ್ರಚಾರವನ್ನೂ ಈ ರಾಜಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಮಾತುಕತೆಯ ಮೇಜಿನ ಮುಂದೆ ಕೂತವರಿಗೆ ಸ್ವಲ್ಪ ಸ್ವಾತಂತ್ರ್ಯ ಬೇಕೇ ಬೇಕು. ಕರ್ನಾಟಕದಲ್ಲೂ 2023ರ ಮಾರ್ಚ್ 1ರಂದು ಆರಂಭವಾದ ಸರ್ಕಾರಿ ನೌಕರರ ಮುಷ್ಕರ, ಶೇ 17ರ ಮಧ್ಯಂತರ ಪರಿಹಾರದ ಆದೇಶ ಬಂದೊಡನೆ ಅಂದೇ ನಿಂತಿತು. ಅಷ್ಟರಲ್ಲಿ ಸರ್ವಸದಸ್ಯರ ಸಭೆ ಕರೆಯುವುದು ಆಗದ ಮಾತು. ಪಕ್ಷವೊಂದಕ್ಕೆ ಮತ ಕೇಳುವುದಕ್ಕೆ ಅಂಥ ಯಾವ ಅವಸರವೂ ಇಲ್ಲ. ಬೇರೆ ಬೇರೆ ಪಕ್ಷಗಳಿಗೆ ಮತ ಹಾಕುವವರೆಲ್ಲ ಸಂಬಳ, ಬಡ್ತಿಗಳ ವಿಷಯಕ್ಕಾಗಿ ಸೇರಿದ್ದೇ ನೌಕರರ ಸಂಘ. ಅದರ ಹೆಸರನ್ನು ಅಧ್ಯಕ್ಷರೊಬ್ಬರೇ ಪಕ್ಷಕ್ಕೆ ಒಪ್ಪಿಸುವುದು ಸದಸ್ಯರಿಗೆ ಬಗೆದ ಅನ್ಯಾಯವೆಂದೇ ನನ್ನ ಭಾವನೆ.

ಸಂಘಗಳ ಮಾನ್ಯತೆ ಇರುವುದೂ ಸರ್ಕಾರದ ಕೈಯಲ್ಲಿ. 2023ರ ಜನವರಿಯಲ್ಲಿ ಆಂಧ್ರದಲ್ಲಿ ಸಕಾಲಕ್ಕೆ ಸಂಬಳವಾಗುತ್ತಿಲ್ಲವೆಂದು ಕೆ.ಆರ್. ಸೂರ್ಯನಾರಾಯಣ ನೇತೃತ್ವದ ಸರ್ಕಾರಿ ನೌಕರರ ಸಂಘದ ನಿಯೋಗ ರಾಜ್ಯಪಾಲರಿಗೆ ದೂರಿತ್ತಿತು. ಮಾನ್ಯತೆ ಏಕೆ ರದ್ದು ಮಾಡಬಾರದೆಂದು ಆ ಸಂಘಕ್ಕೆ ನೋಟಿಸ್ ಬಂತು. ಸದಸ್ಯರ ಸಂಬಳದ ಬಗ್ಗೆ ದನಿಯೆತ್ತಿದ್ದೂ ಶಿಸ್ತಿನ ಪ್ರಶ್ನೆಯಾಯಿತು! ಆದ್ದರಿಂದ ಕಡಿವಾಣ ಸರ್ಕಾರದ ಕೈಯಲ್ಲಿರುವುದಕ್ಕಿಂತ ಬೈಲಾದಲ್ಲಿರುವುದು ಮೇಲು: ಚುನಾವಣೆ, ಪಕ್ಷಗಳ ಕುರಿತು ಸಂಘದ ಹೆಸರಿನಲ್ಲಿ ಹೇಳಿಕೆ ಕೊಡುವ ಮುನ್ನ ಕಾರ್ಯಕಾರಿ ಸಮಿತಿಯ ಲಿಖಿತ ನಿರ್ಣಯವಿರಬೇಕು, ಅದರ ದಿನಾಂಕ ಹೇಳಿಕೆಯಲ್ಲೇ ನಮೂದಾಗಬೇಕು, ಒಪ್ಪದ ಸದಸ್ಯರ ಭಿನ್ನಮತ ನಡಾವಳಿಯಲ್ಲಿ ದಾಖಲಾಗಬೇಕು.